ಉಣ್ಣೆಗೆ ಮಾತ್ರೆಯೋ, ಹನಿಯೋ, ಬೆಲ್ಟೋ? ನಿಮ್ಮ ನಾಯಿ-ಬೆಕ್ಕಿಗೆ ಸರಿಹೋಗುವುದು ಯಾವುದು

ಡಾಕ್ಟರ್ ಮಾತ್ರೆ ಬರೆದುಕೊಡುತ್ತಾರೆ. ಪೆಟ್ ಅಂಗಡಿಯವರು ಕತ್ತಿನ ಹಿಂದೆ ಹಾಕುವ ಹನಿ ತೋರಿಸುತ್ತಾರೆ. ವಾಕಿಂಗ್‌ನಲ್ಲಿ ಸಿಗುವವರು ‘ಒಂದು ಬೆಲ್ಟ್ ಹಾಕಿಬಿಡಿ, ಎಂಟು ತಿಂಗಳು ಚಿಂತೆಯಿಲ್ಲ’ ಅನ್ನುತ್ತಾರೆ. ಊರಿಂದ ಬಂದ ದೊಡ್ಡಮ್ಮ ‘ಬೇವಿನೆಣ್ಣೆ ಹಚ್ಚಿದರೆ ಸಾಕು, ಇದಕ್ಕೆಲ್ಲ ಯಾಕೆ ಇಷ್ಟು ದುಡ್ಡು ಸುರೀತೀರಾ’ ಅನ್ನುತ್ತಾರೆ. ನಾಯಿ ಮಾತ್ರ ಕೆರೆದುಕೊಳ್ಳುತ್ತಲೇ ಇರುತ್ತದೆ.

ಉಣ್ಣೆ, ಚಿಗಟದ ಬಗ್ಗೆ ಓದುಗರು ಕೇಳುವುದು ಹೆಚ್ಚುಕಡಿಮೆ ಒಂದೇ: ‘ಯಾವುದು ಬೆಸ್ಟ್?’ ಎಲ್ಲ ಮನೆಗೂ ಬೆಸ್ಟ್ ಅನ್ನುವಂಥದ್ದು ಇಲ್ಲ. ಒಂದು ಮನೆಯಲ್ಲಿ ಚೆನ್ನಾಗಿ ಕೆಲಸ ಮಾಡಿದ ಹನಿ, ಪಕ್ಕದ ಮನೆಯ ಬೆಕ್ಕಿನ ಪ್ರಾಣ ತೆಗೆಯಬಹುದು. ಹಾಗಾಗಿ ಮೊದಲು ಏನನ್ನು ನೋಡಿ ಆರಿಸಬೇಕು ಅಂತ ತಿಳಿದುಕೊಳ್ಳೋಣ. ಆಮೇಲೆ ಒಂದೊಂದನ್ನೇ ತೂಗಿ ನೋಡೋಣ.

ಇಷ್ಟು ತಲೆಕೆಡಿಸಿಕೊಳ್ಳುವುದು ಯಾಕೆ

ನಮ್ಮ ಊರುಗಳಲ್ಲಿ ನಾಯಿಗೆ ಹತ್ತುವುದು ಮುಖ್ಯವಾಗಿ ಕಂದು ನಾಯಿ ಉಣ್ಣೆ. ಇದಕ್ಕೆ ಕಾಡು, ಹುಲ್ಲು ಬೇಕೇ ಬೇಕು ಅಂತೇನಿಲ್ಲ. ಮೂರನೇ ಮಹಡಿಯ ಫ್ಲ್ಯಾಟ್‌ನಲ್ಲೂ ಆರಾಮಾಗಿ ಸಂಸಾರ ಮಾಡುತ್ತದೆ. ಮರಿಯಾಗಿ ಒಂದು ಸಲ, ಸ್ವಲ್ಪ ಬೆಳೆದು ಇನ್ನೊಂದು ಸಲ, ದೊಡ್ಡದಾಗಿ ಮತ್ತೊಂದು ಸಲ ರಕ್ತ ಕುಡಿಯುತ್ತದೆ. ಪ್ರತಿ ಸಲವೂ ಕುಡಿದಾದ ಮೇಲೆ ನಾಯಿಯಿಂದ ಉದುರಿ ಗೋಡೆಯ ಬಿರುಕು, ಕಿಟಕಿಯ ಚೌಕಟ್ಟು, ಪರದೆಯ ಮಡಿಕೆ ಸೇರುತ್ತದೆ. ಹೊಟ್ಟೆ ತುಂಬಿದ ಒಂದು ಹೆಣ್ಣು ಉಣ್ಣೆ ಸಾವಿರಾರು ಮೊಟ್ಟೆ ಇಡುತ್ತದೆ. ನಾಯಿಯ ಮೈಮೇಲೆ ನಿಮಗೆ ಕಾಣುವುದು ಅದರ ಸಂಸಾರದ ಸಣ್ಣ ಪಾಲು ಅಷ್ಟೇ.

ತುರಿಕೆ ದೊಡ್ಡ ವಿಷಯವಲ್ಲ. ಉಣ್ಣೆಯ ಜೊತೆಗೆ ಬರುವ ಎರ್ಲಿಕಿಯಾ, ಬಬೇಸಿಯಾ ರೋಗಾಣುಗಳು ದೊಡ್ಡ ವಿಷಯ. ಎಲ್ಲರ ಬಾಯಲ್ಲಿ ಇದು ‘ಟಿಕ್ ಫೀವರ್’. ಪ್ಲೇಟ್‌ಲೆಟ್ ಇಳಿಯುತ್ತದೆ, ರಕ್ತ ಕಡಿಮೆಯಾಗುತ್ತದೆ. ಕೆಲವು ನಾಯಿಗಳಿಗೆ ಮೂಗಿನಿಂದ ರಕ್ತ ಬರುತ್ತದೆ. ಎರ್ಲಿಕಿಯಾ ಆದರೆ ಸಾಮಾನ್ಯವಾಗಿ ನಾಲ್ಕು ವಾರ ಡಾಕ್ಸಿಸೈಕ್ಲಿನ್ ಮಾತ್ರೆ, ಜೊತೆಗೆ ಮತ್ತೆ ಮತ್ತೆ ರಕ್ತ ಪರೀಕ್ಷೆ. ಡ್ರಿಪ್ ಹಾಕಿಸುವ, ರಕ್ತ ಕೊಡಿಸುವ ಹಂತಕ್ಕೆ ಹೋದರೆ ಖರ್ಚು ಎಲ್ಲಿಗೆ ನಿಲ್ಲುತ್ತದೋ ಹೇಳುವುದು ಕಷ್ಟ. ಇದಕ್ಕೆ ರೇಬಿಸ್‌ಗೆ ಇರುವ ಹಾಗೆ ಲಸಿಕೆ ಹಾಕಿಸಿ ಸುಮ್ಮನಿರುವ ದಾರಿಯೂ ಇಲ್ಲ. ಮದ್ದಿನ ಬೆಲೆ ನೋಡುವಾಗ ಈ ಖರ್ಚೂ ನೆನಪಿರಲಿ.

ಏನು ನೋಡಿ ಆರಿಸಬೇಕು

ಮೊದಲ ಪ್ರಶ್ನೆ, ಮನೆಯಲ್ಲಿ ಬೆಕ್ಕಿದೆಯಾ? ನಿಮ್ಮದಲ್ಲದ ಬೆಕ್ಕು ಬಂದು ನಾಯಿಯ ಪಕ್ಕ ಮಲಗುತ್ತದಾ? ಹೌದಾದರೆ ಅರ್ಧ ಆಯ್ಕೆಗಳು ಇಲ್ಲೇ ಹೊರಗೆ.

ಎರಡನೆಯದು ಸ್ನಾನ. ವಾರಕ್ಕೊಮ್ಮೆ ಶಾಂಪೂ ಹಾಕಿ ತೊಳೆಯುವವರಿಗೆ ಚರ್ಮದ ಮೇಲೆ ಕೂರುವ ಮದ್ದು ನಷ್ಟದ ವ್ಯಾಪಾರ. ಮೂರನೆಯದು ಮಕ್ಕಳು. ನಾಯಿಯನ್ನು ತಬ್ಬಿಕೊಂಡೇ ಮಲಗುವ ನಾಲ್ಕು ವರ್ಷದ ಮಗು ಇದ್ದರೆ ಪೌಡರ್, ಬೆಲ್ಟ್ ಬಗ್ಗೆ ಎರಡು ಸಲ ಯೋಚಿಸಿ.

ಆಮೇಲೆ ಪ್ರಾಣಿಯ ವಯಸ್ಸು, ತೂಕ, ಕಾಯಿಲೆ. ಅದರಲ್ಲೂ ಫಿಟ್ಸ್ ಬಂದ ಇತಿಹಾಸ ಇದೆಯಾ ಅನ್ನುವುದು. ಗಬ್ಬ ಇದ್ದರೆ, ಮರಿಗೆ ಹಾಲೂಡಿಸುತ್ತಿದ್ದರೆ ಅದನ್ನೂ ಡಾಕ್ಟರ್‌ಗೆ ಮೊದಲೇ ಹೇಳಿ. ನಾಯಿ ಎಲ್ಲಿ ಓಡಾಡುತ್ತದೆ ಅನ್ನುವುದೂ ಮುಖ್ಯ. ಲಿಫ್ಟ್‌ನಲ್ಲಿ ಇಳಿದು ಪಾರ್ಕ್ ಸುತ್ತಿ ಬರುವ ನಾಯಿಗೂ ಕಾಫಿ ತೋಟದಲ್ಲಿ ದಿನವಿಡೀ ಅಲೆಯುವ ನಾಯಿಗೂ ಅಪಾಯ ಒಂದೇ ಅಲ್ಲ.

ಕೊನೆಗೆ ದುಡ್ಡು. ಪ್ಯಾಕೆಟ್ ಮೇಲಿನ ಬೆಲೆಯನ್ನಲ್ಲ, ತಿಂಗಳಿಗೆ ಎಷ್ಟು ಬೀಳುತ್ತದೆ ಅನ್ನುವುದನ್ನು ನೋಡಿ. ಹನ್ನೆರಡು ವಾರ ಕೆಲಸ ಮಾಡುವ ಮಾತ್ರೆಯ ಬೆಲೆಯನ್ನು ಮೂರರಿಂದ ಭಾಗಿಸಿ. ಎಂಟು ತಿಂಗಳ ಬೆಲ್ಟಿನದನ್ನು ಎಂಟರಿಂದ. ಕೇಳಿದ ತಕ್ಷಣ ಎದೆ ಒಡೆಯುವ ಬೆಲೆ ಇಲ್ಲಿ ಕೆಲವು ಸಲ ಅಗ್ಗ ಅನ್ನಿಸುತ್ತದೆ.

ಸೋಪು, ಪೌಡರ್, ಶಾಂಪೂ

ಅಗ್ಗ. ಎಲ್ಲ ಕಡೆ ಸಿಗುತ್ತದೆ. ಮೈಮೇಲೆ ಇರುವುದರಲ್ಲಿ ಒಂದಷ್ಟು ಸಾಯುತ್ತವೆ, ಆದರೆ ತೊಳೆದ ಮೇಲೆ ಕಾವಲು ಇಲ್ಲ. ಮರುದಿನ ಗೋಡೆಯಿಂದ ಇಳಿದು ಬರುವ ಹೊಸ ಉಣ್ಣೆಗೆ ನಾಯಿ ಸಿದ್ಧವಾಗಿರುತ್ತದೆ. ಪೌಡರ್ ಉದುರುತ್ತದೆ, ನಾಯಿ ನೆಕ್ಕುತ್ತದೆ, ಮಗುವಿನ ಕೈಗೂ ಹತ್ತುತ್ತದೆ. ಇದನ್ನೇ ನಂಬಿ ಕೂರಬೇಡಿ ಅನ್ನುವುದು ನನ್ನ ಅಭಿಪ್ರಾಯ. ಬೆಕ್ಕಿಗೆ ನಾಯಿಯ ಪೌಡರ್ ಹಾಕಲೇಬೇಡಿ.

ಬೇವಿನೆಣ್ಣೆ, ಕರ್ಪೂರ, ಸೀಮೆಎಣ್ಣೆ

ಬೇವಿನೆಣ್ಣೆಯ ವಾಸನೆಗೆ ಉಣ್ಣೆ ಸ್ವಲ್ಪ ಹೊತ್ತು ದೂರ ಇರಬಹುದು. ಆದರೆ ಟಿಕ್ ಫೀವರ್ ಇರುವ ಊರಿನಲ್ಲಿ ಅಷ್ಟು ಸಾಲುವುದಿಲ್ಲ. ಬೆಕ್ಕು ತನ್ನ ಮೈಯನ್ನು ಪೂರ್ತಿ ನೆಕ್ಕಿಕೊಳ್ಳುವುದರಿಂದ ಅದಕ್ಕೆ ಯಾವ ಎಣ್ಣೆಯನ್ನೂ ಹಚ್ಚಬಾರದು. ಟೀ ಟ್ರೀ ಎಣ್ಣೆ ನಾಯಿ, ಬೆಕ್ಕು ಎರಡಕ್ಕೂ ವಿಷ. ಕರ್ಪೂರವೂ ಅಷ್ಟೇ. ಸೀಮೆಎಣ್ಣೆ ಚರ್ಮ ಸುಡುತ್ತದೆ. ಬೆಳ್ಳುಳ್ಳಿ ತಿನ್ನಿಸಿದರೆ ಉಣ್ಣೆ ಬರುವುದಿಲ್ಲ ಅನ್ನುವ ಮಾತೂ ಓಡಾಡುತ್ತಿದೆ. ಈರುಳ್ಳಿ, ಬೆಳ್ಳುಳ್ಳಿ ಎರಡೂ ನಾಯಿ-ಬೆಕ್ಕುಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬಬೇಸಿಯಾ ಮಾಡುವ ಕೆಲಸವೂ ಅದೇ ಅಲ್ವಾ!

ದನದ ಮದ್ದು

ಹಳ್ಳಿ ಮನೆಗಳಲ್ಲಿ ಇದು ಬಹಳ ನಡೆಯುತ್ತದೆ. ಹಸುವಿನ ಉಣ್ಣೆಗೆ ತಂದ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಅಥವಾ ಅಮಿಟ್ರಾಜ್ ಬಾಟಲಿಯಿಂದ ನಾಯಿಗೂ ಒಂದಿಷ್ಟು. ಬೆಲೆ ನೋಡಿದರೆ ಇದಕ್ಕಿಂತ ಅಗ್ಗ ಇನ್ನೊಂದಿಲ್ಲ. ಕೆಲಸವನ್ನೂ ಮಾಡುತ್ತದೆ, ಅದಕ್ಕೇ ಜನ ಬಿಡುವುದಿಲ್ಲ. ತೊಂದರೆ ಇರುವುದು ಅಳತೆಯಲ್ಲಿ. ಒಂದು ಮುಚ್ಚಳ ಜಾಸ್ತಿಯಾದರೆ ನಾಯಿ ಜೊಲ್ಲು ಸುರಿಸುತ್ತದೆ, ನಡುಗುತ್ತದೆ. ಅಮಿಟ್ರಾಜ್ ಜಾಸ್ತಿಯಾದರೆ ಮಂಕಾಗಿ ಮಲಗಿಬಿಡುತ್ತದೆ, ಎದೆಬಡಿತ ನಿಧಾನವಾಗುತ್ತದೆ. ಕಜ್ಜಿಗೆ ಡಾಕ್ಟರುಗಳು ಅಮಿಟ್ರಾಜ್ ಕೊಡುವುದುಂಟು, ಆದರೆ ಅಳೆದು, ನೋಡಿಕೊಂಡು. ಮರಿಗಳಿಗೆ, ಸಕ್ಕರೆ ಕಾಯಿಲೆ ಇರುವ ನಾಯಿಗೆ ಬೇಡ. ಬೆಕ್ಕಿನ ಹತ್ತಿರ ಈ ಮೂರೂ ಬಾಟಲಿ ಸುಳಿಯಬಾರದು. ಕೊಟ್ಟಿಗೆಗೆ, ನಾಯಿಗೂಡಿಗೆ ಸಿಂಪಡಿಸಲು ಇದನ್ನು ಇಟ್ಟುಕೊಳ್ಳಿ. ಸಿಂಪಡಿಸಿದ ಜಾಗ ಪೂರ್ತಿ ಒಣಗುವ ತನಕ ಪ್ರಾಣಿಗಳನ್ನು ದೂರ ಕಟ್ಟಿ.

ಹನಿ ಮತ್ತು ಸ್ಪ್ರೇ

ಇಲ್ಲಿಂದ ನಿಜವಾದ ಆಯ್ಕೆ ಶುರು.

ಕತ್ತಿನ ಹಿಂದೆ, ನಾಯಿಯ ನಾಲಿಗೆ ತಲುಪದ ಕಡೆ, ಕೂದಲು ಬಿಡಿಸಿ ಚರ್ಮಕ್ಕೆ ಹಾಕುವ ಹನಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಫಿಪ್ರೊನಿಲ್. ಫ್ರಂಟ್‌ಲೈನ್ ಅನ್ನುವ ಹೆಸರು ಕೇಳಿರುತ್ತೀರಿ. ಅದೇ ಮದ್ದು ಬೇರೆ ಕಂಪನಿಗಳ ಹೆಸರಿನಲ್ಲಿ ಕಡಿಮೆ ಬೆಲೆಗೂ ಸಿಗುತ್ತದೆ. ಇದು ಚರ್ಮದ ಎಣ್ಣೆ ಗ್ರಂಥಿಗಳಲ್ಲಿ ಸೇರಿಕೊಂಡು ನಿಧಾನವಾಗಿ ಹೊರಬರುತ್ತದೆ. ಹಾಗಾಗಿ ಹಾಕುವ ಎರಡು ದಿನ ಮುಂಚೆ, ಹಾಕಿದ ಎರಡು ದಿನ ಆಮೇಲೆ ಸ್ನಾನ ಬೇಡ. ‘ಹನಿ ಹಾಕಿದೆ, ಏನೂ ಆಗಲಿಲ್ಲ’ ಅನ್ನುವವರನ್ನು ಕೇಳಿ ನೋಡಿ, ಬಹಳ ಜನ ಸ್ನಾನ ಮಾಡಿಸಿದ ದಿನವೇ ಹಾಕಿರುತ್ತಾರೆ.

ಉಣ್ಣೆಗೆ ತಿಂಗಳಿಗೊಮ್ಮೆ ಹಾಕಬೇಕು. ಉಣ್ಣೆ ಸಾಯಲು ಒಂದೆರಡು ದಿನ ಬೇಕು. ಫಿಪ್ರೊನಿಲ್‌ನ ದೊಡ್ಡ ಗುಣ ಏನೆಂದರೆ ಬೆಕ್ಕಿಗೂ ಬೇರೆ ಪ್ಯಾಕ್ ಸಿಗುತ್ತದೆ. ಡಾಕ್ಟರ್ ಸಲಹೆ ಪಡೆದು ಇದರ ಸ್ಪ್ರೇಯನ್ನು ತೀರಾ ಎಳೆಯ ಮರಿಗಳಿಗೂ ಬಳಸುವುದುಂಟು. ಮೊಲ ಸಾಕಿದವರು ಮಾತ್ರ ಇದನ್ನು ಮೊಲಕ್ಕೆ ಹಾಕಬೇಡಿ, ಅದಕ್ಕೆ ವಿಷ.

ಇನ್ನೊಂದು ಜಾತಿಯ ಹನಿಯಲ್ಲಿ ಪರ್ಮೆಥ್ರಿನ್ ಸೇರಿರುತ್ತದೆ. ಇದರ ಗಮ್ಮತ್ತೇ ಬೇರೆ. ಉಣ್ಣೆಯನ್ನು ಕೊಲ್ಲುವುದಲ್ಲದೆ ಕಚ್ಚುವ ಮೊದಲೇ ಬಹಳಷ್ಟನ್ನು ಓಡಿಸುತ್ತದೆ. ಸೊಳ್ಳೆಯನ್ನೂ ಸ್ವಲ್ಪ ತಡೆಯುತ್ತದೆ. ಎರ್ಲಿಕಿಯಾ ಕೆಲವೇ ಗಂಟೆಗಳಲ್ಲಿ ನಾಯಿಗೆ ದಾಟಬಲ್ಲದು. ಆದ್ದರಿಂದ ಕಚ್ಚಿಸಿಕೊಳ್ಳದೇ ಇರುವುದಕ್ಕೆ ಬೆಲೆ ಇದೆ. ಬರೀ ನಾಯಿ ಇರುವ, ಸ್ನಾನ ಕಡಿಮೆ ಇರುವ ಮನೆಗೆ ಇದು ತುಂಬ ಒಳ್ಳೆಯ ಆಯ್ಕೆ.

ಆದರೆ ಬೆಕ್ಕಿನ ದೇಹಕ್ಕೆ ಪರ್ಮೆಥ್ರಿನ್ ಅರಗಿಸಿಕೊಳ್ಳುವ ಶಕ್ತಿ ಇಲ್ಲ. ನಾಯಿಯ ಹನಿಯನ್ನು ‘ಸ್ವಲ್ಪ’ ಬೆಕ್ಕಿಗೆ ಹಾಕಿದರೆ ನಡುಕ, ಫಿಟ್ಸ್, ಸಾವು. ಈಗಷ್ಟೇ ಹನಿ ಹಾಕಿದ ನಾಯಿಯನ್ನು ಬೆಕ್ಕು ನೆಕ್ಕಿದರೂ ಅಪಾಯ. ಬೆಕ್ಕು ಇರುವ ಮನೆಯವರು ಪ್ಯಾಕಿನ ಹಿಂದೆ ಸಣ್ಣ ಅಕ್ಷರದಲ್ಲಿರುವ ಹೆಸರನ್ನು ಓದಿಯೇ ದುಡ್ಡು ಕೊಡಿ. ಅಂಗಡಿಯವರು ‘ಎರಡಕ್ಕೂ ನಡೆಯುತ್ತೆ ಸರ್’ ಅಂದರೂ ಓದಿ.

ಬೆಲ್ಟ್

ಫ್ಲೂಮೆಥ್ರಿನ್ ಇರುವ ಒಳ್ಳೆಯ ಬೆಲ್ಟು ಏಳೆಂಟು ತಿಂಗಳು ನಿಧಾನವಾಗಿ ಮದ್ದು ಬಿಡುತ್ತದೆ. ತಿಂಗಳಿನ ಲೆಕ್ಕ ಹಾಕಿದರೆ ಖರ್ಚು ಕಡಿಮೆ. ಮರೆತುಹೋಗುವವರಿಗೆ ಅನುಕೂಲ. ಉಣ್ಣೆ ಕಚ್ಚುವುದನ್ನೂ ಕಡಿಮೆ ಮಾಡುತ್ತದೆ. ಆದರೆ ಪದೇ ಪದೇ ಸ್ನಾನವಾದರೆ, ಕೆರೆಗೆ ಇಳಿದರೆ ಬೇಗ ಸೋಲುತ್ತದೆ. ಚರ್ಮಕ್ಕೆ ತಾಗುವಂತೆ, ಎರಡು ಬೆರಳು ತೂರುವಷ್ಟು ಸಡಿಲ ಇರಬೇಕು. ಕೂದಲ ಮೇಲೆ ಹಾರದ ಹಾಗೆ ನೇತಾಡಿದರೆ ಉಪಯೋಗವಿಲ್ಲ. ಎರಡು ನಾಯಿಗಳು ಕತ್ತು ಕಚ್ಚಿ ಆಡುವ ಮನೆಗೆ, ಬೆಲ್ಟನ್ನು ಬಾಯಿಗೆ ಹಾಕುವ ಮಗು ಇರುವ ಮನೆಗೆ ಬೇಡ. ಇನ್ನೂರು ರೂಪಾಯಿಗೆ ಸಿಗುವ, ಒಳಗೆ ಯಾವ ಮದ್ದಿದೆ ಎಂದೇ ಬರೆಯದ ‘ಹರ್ಬಲ್’ ಬೆಲ್ಟುಗಳನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಮಾತ್ರೆ

ಈಗ ಡಾಕ್ಟರುಗಳು ಹೆಚ್ಚು ಬರೆಯುವುದು ಇದನ್ನೇ. ಫ್ಲೂರಾಲೇನರ್ ಇರುವ ಬ್ರೇವೆಕ್ಟೊ, ಅಫಾಕ್ಸೊಲೇನರ್ ಇರುವ ನೆಕ್ಸ್‌ಗಾರ್ಡ್, ಸರೋಲೇನರ್ ಇರುವ ಸಿಂಪಾರಿಕಾ. ಮೂರೂ ಒಂದೇ ಕುಟುಂಬ. ಮೊದಲನೆಯದು ಹನ್ನೆರಡು ವಾರಕ್ಕೆ ಒಂದು, ಉಳಿದೆರಡು ತಿಂಗಳಿಗೊಂದು. ವರ್ಷಕ್ಕೆ ನಾಲ್ಕೈದು ಮಾತ್ರೆಯೋ ಹನ್ನೆರಡು ಮಾತ್ರೆಯೋ ಅನ್ನುವುದು ಲೆಕ್ಕ.

ಮಾತ್ರೆ ರಕ್ತಕ್ಕೆ ಸೇರುತ್ತದೆ. ರಕ್ತ ಕುಡಿದ ಉಣ್ಣೆ, ಚಿಗಟ ಸಾಯುತ್ತವೆ. ಎಷ್ಟು ಸ್ನಾನ ಮಾಡಿಸಿದರೂ ತೊಂದರೆಯಿಲ್ಲ. ಮಗು ತಬ್ಬಿಕೊಳ್ಳಬಹುದು. ಬೆಕ್ಕು ನೆಕ್ಕಬಹುದು. ಇಷ್ಟು ಅನುಕೂಲ ಬೇರೆ ಯಾವುದರಲ್ಲೂ ಇಲ್ಲ.

ಕೊರತೆ ಎರಡು. ಉಣ್ಣೆ ಕಚ್ಚಿದ ಮೇಲೆ ಮಾತ್ರ ಸಾಯುತ್ತದೆ. ಬಬೇಸಿಯಾ ದಾಟಲು ಸಾಮಾನ್ಯವಾಗಿ ಒಂದೆರಡು ದಿನ ಬೇಕಾದ್ದರಿಂದ ಅದರ ವಿಷಯದಲ್ಲಿ ಮಾತ್ರೆಯಿಂದ ಒಳ್ಳೆಯ ರಕ್ಷಣೆ ಸಿಗುತ್ತದೆ. ಎರ್ಲಿಕಿಯಾ ಅಷ್ಟು ಹೊತ್ತು ಕಾಯುವುದಿಲ್ಲ. ಆದರೂ ಉಣ್ಣೆಗಳು ಮೊಟ್ಟೆ ಇಡುವ ಮೊದಲೇ ಸತ್ತು ಮನೆಯಲ್ಲಿ ಅವುಗಳ ಸಂಖ್ಯೆಯೇ ಇಳಿಯುವುದರಿಂದ ಒಟ್ಟು ಅಪಾಯ ಕಡಿಮೆಯಾಗುತ್ತದೆ. ‘ಮಾತ್ರೆ ಕೊಟ್ಟ ಮೇಲೂ ಉಣ್ಣೆ ಕಾಣಿಸುತ್ತಿದೆ, ಮೋಸ’ ಅಂತ ಬೇಜಾರಾಗಬೇಡಿ. ಹೊಸದು ಹತ್ತುತ್ತದೆ, ಕಚ್ಚುತ್ತದೆ, ಸಾಯುತ್ತದೆ. ಕಿತ್ತು ನೋಡಿದರೆ ಒಣಗಿರುತ್ತದೆ.

ಎರಡನೆಯ ಕೊರತೆ ಫಿಟ್ಸ್. ಅಮೆರಿಕದ ಔಷಧ ಇಲಾಖೆಯಾದ ಎಫ್‌ಡಿಎ 2018ರಲ್ಲಿ ಈ ಕುಟುಂಬದ ಮದ್ದುಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು. ಕೆಲವು ನಾಯಿ-ಬೆಕ್ಕುಗಳಲ್ಲಿ ನಡುಕ, ತೂರಾಟ, ಫಿಟ್ಸ್ ಕಂಡಿವೆ ಅಂತ. ಮದ್ದನ್ನು ನಿಲ್ಲಿಸಲಿಲ್ಲ, ಬಹುಪಾಲು ಪ್ರಾಣಿಗಳಿಗೆ ಸುರಕ್ಷಿತ ಎಂದೇ ಹೇಳಿತು. ಹಾಗಾಗಿ ಆರೋಗ್ಯವಂತ ನಾಯಿಗೆ ನಾನು ಹಿಂಜರಿಯುವುದಿಲ್ಲ. ಒಂದು ಸಲವಾದರೂ ಫಿಟ್ಸ್ ಬಂದ ನಾಯಿಗೆ ಮಾತ್ರ ಡಾಕ್ಟರ್‌ಗೆ ಹೇಳದೆ ಕೊಡಬೇಡಿ. ಅಂಥ ನಾಯಿಗೆ ಫಿಪ್ರೊನಿಲ್ ಹನಿ ಇದೆ.

ಉಳಿತಾಯಕ್ಕೆಂದು ದೊಡ್ಡ ನಾಯಿಯ ಮಾತ್ರೆ ತಂದು ಎರಡು ಸಣ್ಣ ನಾಯಿಗೆ ಮುರಿದು ಕೊಡುವುದು ಬೇಡ. ಮಾತ್ರೆಯ ಎರಡು ತುಂಡಿನಲ್ಲೂ ಮದ್ದು ಸಮ ಇರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ತೂಕ ಮಾಡಿಸಿ, ಅದರದೇ ಅಳತೆಯ ಮಾತ್ರೆ ತನ್ನಿ. ಫ್ಲೂರಾಲೇನರ್ ಅನ್ನು ಊಟದ ಜೊತೆ ಕೊಡಿ, ಖಾಲಿ ಹೊಟ್ಟೆಯಲ್ಲಿ ಸರಿಯಾಗಿ ಒಳಗೆ ಸೇರುವುದಿಲ್ಲ.

ಇಂಜೆಕ್ಷನ್

‘ಒಂದು ಸೂಜಿ ಹಾಕಿಸಿದರೆ ಎಲ್ಲ ಉದುರುತ್ತೆ’ ಅನ್ನುವುದು ಐವರ್‌ಮೆಕ್ಟಿನ್ ಬಗ್ಗೆ. ಉಣ್ಣೆಯ ಮೇಲೆ ಇದನ್ನು ಪೂರ್ತಿ ನಂಬುವ ಹಾಗಿಲ್ಲ. ಕಾಲಿ, ಶೆಲ್ಟಿ, ಆಸ್ಟ್ರೇಲಿಯನ್ ಶೆಫರ್ಡ್ ಥರದ ತಳಿಗಳಲ್ಲಿ ಒಂದು ಜೀನ್ ದೋಷದಿಂದ ಮದ್ದು ಮೆದುಳಿಗೆ ನುಗ್ಗಿ ಕೋಮಾಗೆ ಹೋಗಬಹುದು. ಬೆರಕೆ ನಾಯಿಯಲ್ಲಿ ಆ ರಕ್ತ ಇದೆಯೋ ಇಲ್ಲವೋ ನಮಗೆ ತಿಳಿಯದು. ಮಾತ್ರೆ ಬಂದ ಮೇಲೆ ಉಣ್ಣೆಗಾಗಿ ಇದಕ್ಕೆ ಹೋಗುವ ಅಗತ್ಯ ನನಗೆ ಕಾಣುತ್ತಿಲ್ಲ.

ಬೆಕ್ಕಿಗೆ

ಬೆಕ್ಕಿಗೆ ಉಣ್ಣೆ ಅಪರೂಪ, ನೆಕ್ಕಿ ನೆಕ್ಕಿ ತೆಗೆದುಬಿಡುತ್ತದೆ. ಅದರ ಸಮಸ್ಯೆ ಚಿಗಟ. ಬಾಲದ ಬುಡದಲ್ಲಿ ಕರಿ ಪುಡಿ ಸಿಕ್ಕಿದರೆ ಒದ್ದೆ ಟಿಶ್ಯೂ ಮೇಲೆ ಹಾಕಿ. ಕೆಂಪಗೆ ಹರಡಿದರೆ ಅದು ಚಿಗಟದ ಹಿಕ್ಕೆ. ಚಿಗಟ ನುಂಗಿದ ಬೆಕ್ಕಿಗೆ ಲಾಡಿಹುಳವೂ ಬರುತ್ತದೆ. ಎಳೆ ಮರಿಗಳಲ್ಲಿ ಚಿಗಟ ಜಾಸ್ತಿಯಾದರೆ ರಕ್ತ ಕಡಿಮೆಯಾಗಿ ಸತ್ತೇ ಹೋಗುತ್ತವೆ.

ಒಳಗೇ ಇರುವ ಒಂದೇ ಬೆಕ್ಕಾದರೆ ಸಣ್ಣ ಹಲ್ಲಿನ ಬಾಚಣಿಗೆ, ಒಂದು ಬಟ್ಟಲು ಸೋಪು ನೀರು ಸಾಕಾಗಬಹುದು. ಬಾಚಿ, ಅದ್ದಿ, ಮತ್ತೆ ಬಾಚಿ. ಪುಕ್ಕಟೆ, ಆದರೆ ತಾಳ್ಮೆ ಬೇಕು. ಹೊರಗೆ ಸುತ್ತುವ ಬೆಕ್ಕಿಗೆ ಬೆಕ್ಕಿನದೇ ಫಿಪ್ರೊನಿಲ್ ಹನಿ, ಇಲ್ಲವೇ ಸೆಲಮೆಕ್ಟಿನ್ ಹನಿ. ಸೆಲಮೆಕ್ಟಿನ್ ಬೆಲೆ ಹೆಚ್ಚು, ಆದರೆ ಕಿವಿಯ ನುಸಿಯನ್ನೂ ನೋಡಿಕೊಳ್ಳುತ್ತದೆ. ಕಿವಿ ಕೆರೆದುಕೊಳ್ಳುವ ಬೆಕ್ಕಿಗೆ ಅದೇ ಲಾಭ. ಬೆಲ್ಟ್ ಹಾಕುವುದಾದರೆ ಬೆಕ್ಕಿನದೇ ಆಗಿರಲಿ, ಎಲ್ಲಾದರೂ ಸಿಕ್ಕಿಕೊಂಡರೆ ತಾನಾಗಿ ಬಿಚ್ಚಿಕೊಳ್ಳುವಂಥದ್ದು.

ಮನೆಯನ್ನು ಬಿಟ್ಟರೆ ಎಲ್ಲ ವ್ಯರ್ಥ

ಯಾವ ಮದ್ದು ತಂದರೂ ಗೋಡೆಯಲ್ಲಿರುವ ಉಣ್ಣೆ ಅಲ್ಲೇ ಇರುತ್ತದೆ. ನಾಯಿಯ ಹಾಸಿಗೆಯನ್ನು ವಾರಕ್ಕೊಮ್ಮೆ ಬಿಸಿ ನೀರಿನಲ್ಲಿ ಒಗೆಯಿರಿ. ಸ್ಕರ್ಟಿಂಗ್, ಸೋಫಾದ ಅಡಿ, ಬಾಗಿಲ ಸಂದಿಗೆ ವ್ಯಾಕ್ಯೂಮ್ ಹಾಕಿ, ಅದರ ಚೀಲವನ್ನು ಹೊರಗೆ ಖಾಲಿ ಮಾಡಿ. ಬಿರುಕುಗಳಿಗೆ ಸಿಮೆಂಟು ಮೆತ್ತಿಸಿ. ನಮ್ಮ ಸೆಕೆಯಲ್ಲಿ ಮೊಟ್ಟೆಯಿಂದ ದೊಡ್ಡ ಉಣ್ಣೆಯಾಗಲು ಎರಡು-ಮೂರು ತಿಂಗಳು ಸಾಕು. ಹಾಗಾಗಿ ಮೂರು ತಿಂಗಳಾದರೂ ಮದ್ದು ತಪ್ಪದಂತೆ ನಡೆಯಬೇಕು. ಒಂದು ತಿಂಗಳು ಹಾಕಿ ‘ಹೋಯ್ತು’ ಅಂತ ಬಿಟ್ಟರೆ ಮತ್ತೆ ಮೊದಲಿನಿಂದ. ಮನೆಯಲ್ಲಿ ಎರಡು ನಾಯಿ ಇದ್ದರೆ ಎರಡಕ್ಕೂ ಒಂದೇ ದಿನ.

ಕೀಳುವಾಗ ಚೂಪು ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ. ಬೆರಳಲ್ಲಿ ಹಿಸುಕಬೇಡಿ, ಬೆಂಕಿಕಡ್ಡಿ ಹಚ್ಚಬೇಡಿ. ಕಿತ್ತದ್ದನ್ನು ಸ್ಪಿರಿಟ್‌ಗೆ ಹಾಕಿ.

ಮಲೆನಾಡಿನವರಿಗೆ ಉಣ್ಣೆಯ ಬಗ್ಗೆ ಎಚ್ಚರ ಇನ್ನೂ ಮುಖ್ಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯನ್ನು ಹರಡುವುದು ಬೇರೆ ಜಾತಿಯ ಕಾಡಿನ ಉಣ್ಣೆ. ಚಳಿಗಾಲದಿಂದ ಬೇಸಿಗೆಯವರೆಗೆ ಅದರ ಮರಿಗಳ ಕಾಟ. ಕಾಡು, ತೋಟ ಸುತ್ತಿದ ನಾಯಿ ಅವನ್ನು ಮೈಮೇಲೆ ಹೊತ್ತು ಜಗಲಿಗೆ ತರಬಹುದು. ಆ ತಿಂಗಳುಗಳಲ್ಲಿ ಕಾಡಿನಂಚಿನ ಮನೆಯ ನಾಯಿಗೆ ಕಚ್ಚಿದ ಮೇಲೆ ಕೊಲ್ಲುವ ಮಾತ್ರೆಗಿಂತ ಓಡಿಸುವ ಬೆಲ್ಟ್ ಅಥವಾ ಹನಿ ಮೇಲು, ಬೆಕ್ಕಿಲ್ಲದಿದ್ದರೆ. ಉಣ್ಣೆ ಹತ್ತದ ಹಾಗೆ ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆ ಇರುವುದು ಮನುಷ್ಯರ ಮೈಗೆ ಹಚ್ಚಲು, ಅದನ್ನು ನಾಯಿಗೆ ಹಚ್ಚಬೇಡಿ.

ಹಾಗಾದರೆ ಯಾರಿಗೆ ಯಾವುದು

ಫ್ಲ್ಯಾಟ್, ಮಕ್ಕಳು, ಪದೇ ಪದೇ ಸ್ನಾನ: ಮಾತ್ರೆ. ನಾಯಿ ಬೆಕ್ಕು ಒಟ್ಟಿಗೆ ಇದ್ದರೆ ನಾಯಿಗೆ ಮಾತ್ರೆ, ಬೆಕ್ಕಿಗೆ ಅದರ ಹನಿ. ಅಂಗಳದಲ್ಲಿ ಕಟ್ಟಿಹಾಕುವ, ತಿಂಗಳಿಗೊಮ್ಮೆ ಸ್ನಾನ ಕಾಣುವ ನಾಯಿಗೆ ಬೆಲ್ಟ್ ಸಾಕು. ಬಜೆಟ್ ಬಿಗಿ ಇದ್ದರೆ ಕಡಿಮೆ ಬೆಲೆಯ ಫಿಪ್ರೊನಿಲ್ ಹನಿಯನ್ನು ತಿಂಗಳು ತಪ್ಪದೆ ಹಾಕಿ. ತಿಂಗಳಿಗೊಂದು ಕೊಡಬೇಕಾದ ದುಬಾರಿ ಮಾತ್ರೆಯನ್ನು ಎರಡು ತಿಂಗಳಿಗೊಮ್ಮೆ ನೆನಪಾದಾಗ ಕೊಡುವುದಕ್ಕಿಂತ ಅದು ಮೇಲು. ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳಿಗೆ ಹತ್ತಿರ ಇರುವವರು ಅಲ್ಲಿನ ಆಸ್ಪತ್ರೆಗಳನ್ನೂ ನೋಡಬಹುದು.

ಬೀದಿ ನಾಯಿಗಳಿಗೆ ಅನ್ನ ಹಾಕುವವರು ಕೇಳುತ್ತಿರುತ್ತೀರಿ. ಹಿಡಿಯಲು ಸಿಗದ ನಾಯಿಗೆ ಹನಿ, ಬೆಲ್ಟ್ ಆಗದ ಮಾತು. ಹನ್ನೆರಡು ವಾರದ ಮಾತ್ರೆಯನ್ನು ಮಾಂಸದ ತುಂಡಿನೊಳಗೆ ಇಟ್ಟು, ಅದೇ ನಾಯಿ ತಿಂದಿತು ಅಂತ ಕಣ್ಣಾರೆ ನೋಡಿ. ನಾಲ್ಕೈದು ಮನೆಯವರು ಸೇರಿ ದುಡ್ಡು ಹಾಕಿದರೆ ಭಾರವಾಗುವುದಿಲ್ಲ. ಆ ನಾಯಿಗಳ ಉಣ್ಣೆ ಇಳಿದರೆ ನಿಮ್ಮ ನಾಯಿಗೂ ವಾಕಿಂಗ್‌ನಲ್ಲಿ ಹತ್ತುವುದು ಕಡಿಮೆ.

ನಾಯಿ ಊಟ ಬಿಟ್ಟರೆ, ಜ್ವರ ಬಂದರೆ, ವಸಡು ಬಿಳಿಚಿಕೊಂಡರೆ, ಉಚ್ಚೆ ಕಂದಾದರೆ, ಹೊಟ್ಟೆಯ ಚರ್ಮದಲ್ಲಿ ಕೆಂಪು ಚುಕ್ಕೆ ಕಂಡರೆ ಈ ಹೋಲಿಕೆಯನ್ನೆಲ್ಲ ಬದಿಗಿಡಿ. ಅವತ್ತೇ ರಕ್ತ ಪರೀಕ್ಷೆ ಮಾಡಿಸಿ. ಮೈಮೇಲೆ ಒಂದೂ ಉಣ್ಣೆ ಇಲ್ಲ ಅಂತ ಸುಮ್ನೆ ಕೂರಬೇಡಿ, ಕಚ್ಚಿದ ಉಣ್ಣೆ ಉದುರಿ ವಾರಗಳೇ ಆಗಿರಬಹುದು. ಡಾಕ್ಟರ್ ಹತ್ತಿರ ಹೋಗುವಾಗ ಕೊನೆಯ ಸಲ ಹಾಕಿದ ಮದ್ದಿನ ಪ್ಯಾಕಿನ ಫೋಟೊ, ಹಾಕಿದ ತಾರೀಖು ಫೋನಿನಲ್ಲಿ ಇರಲಿ. ಮುಂದೆ ಯಾವ ಮದ್ದು ಕೊಡಬಹುದು, ಯಾವುದು ಕೊಡಬಾರದು ಅಂತ ಅವರು ತೀರ್ಮಾನಿಸುವಾಗ ಮೊದಲು ಕೇಳುವುದು ಅದನ್ನೇ.